ಇನ್‌ಟೇಕ್ ಕಿಟ್‌ಗೆ 18 ಸಾವಿರ ಹಾಕಬಹುದಾ? ಘಾಟಿ ಹತ್ತಿಸುವವರು ಹೇಳಿ

ಕಾಟಕೇರಿ ಸ್ವಿಫ್ಟ್:

ಎಲ್ಲರಿಗೂ ನಮಸ್ಕಾರ. ನನ್ನದು 1.2 ಪೆಟ್ರೋಲ್ ಸ್ವಿಫ್ಟ್, ಹಿಂದಿನ ಮಾಡೆಲ್. ಕೆಲಸ ಮಂಗಳೂರಲ್ಲಿ, ಮನೆ ಕೊಡಗಿನ ಕಾಟಕೇರಿಯಲ್ಲಿ. ವಾರ ವಾರ ಸಂಪಾಜೆ ಘಾಟಿ ಹತ್ತಿ ಇಳಿಯುವುದು ಇದ್ದೇ ಇದೆ. ಒಬ್ಬನೇ ಇದ್ದರೆ ಏನೂ ತೊಂದರೆ ಇಲ್ಲ. ಅಪ್ಪ, ಅಮ್ಮ, ತಂಗಿ ಕೂತು ಡಿಕ್ಕಿಯಲ್ಲಿ ಎರಡು ಮೂಟೆ ಇದ್ದರೆ ಮಾತ್ರ ಜೋಡುಪಾಲ ದಾಟಿದ ಮೇಲೆ ಗಾಡಿ ಸೋಲುತ್ತದೆ. ಮೂರನೇ ಗೇರಿನಲ್ಲಿ ಎಳೆಯುವುದಿಲ್ಲ, ಎರಡಕ್ಕೆ ಹಾಕಿದರೆ ಎಂಜಿನ್ ಕಿರುಚುತ್ತದೆ. ಮುಂದೆ ಒಂದು ಲಾರಿ ಸಿಕ್ಕಿತು ಅಂದರೆ ಮದೆನಾಡಿನವರೆಗೂ ಅದರ ಹಿಂದೆಯೇ ಹೋಗಬೇಕು.

ಮಂಗಳೂರಿನ ಒಂದು ಅಂಗಡಿಯಲ್ಲಿ ಓಪನ್ ಇನ್‌ಟೇಕ್ ಕಿಟ್ (ಎಂಜಿನ್‌ಗೆ ಗಾಳಿ ಹೋಗುವ ದಾರಿ ಬದಲಾಯಿಸುವ ಕಿಟ್) ಹಾಕಿಸಿ ಅಂತ ಹೇಳುತ್ತಿದ್ದಾರೆ. ಕಂಪನಿ ಫಿಲ್ಟರ್ ಡಬ್ಬ ಪೂರ್ತಿ ತೆಗೆದು, ಅಲ್ಯೂಮಿನಿಯಂ ಪೈಪಿನ ತುದಿಗೆ ಕೋನ್ ಫಿಲ್ಟರ್ ಕೂರಿಸುವುದು. ಫಿಟ್ಟಿಂಗ್ ಸೇರಿ 18 ಸಾವಿರ. ಎಂಟು ಎಚ್‌ಪಿ ಜಾಸ್ತಿ ಬರುತ್ತದೆ, ಮೈಲೇಜೂ ಬರುತ್ತದೆ ಅಂತಾರೆ. ನಮ್ಮ ಕಡೆ ರಸ್ತೆಯಲ್ಲಿ ಓಡಿಸುವವರು ಯಾರಾದರೂ ಹಾಕಿಸಿದ್ದೀರಾ? ದುಡ್ಡಿಗೆ ತಕ್ಕ ಕೆಲಸ ಆಗುತ್ತದಾ?

ಸುಂಟಿಕೊಪ್ಪ ಹ್ಯಾಚ್:

ನಾನು ಹಾಕಿಸಿದ್ದೇನೆ, ಬೇರೆ ಗಾಡಿಗೆ, ಆದರೆ ಅದೂ 1.2 ಪೆಟ್ರೋಲೇ. ನನಗೆ ಖುಷಿ ಇದೆ. ಆಕ್ಸಿಲರೇಟರ್ ಒತ್ತಿದ ತಕ್ಷಣ ಗಾಡಿ ಚುರುಕಾಗಿ ಏಳುತ್ತದೆ ಅನ್ನಿಸುತ್ತದೆ. ನಾಲ್ಕು ಸಾವಿರ ಆರ್‌ಪಿಎಂ ಮೇಲೆ ಒಳ್ಳೆ ಗುಂಯ್ ಅನ್ನುವ ಸೌಂಡು. ಬೆಳಿಗ್ಗೆ ಮಂಜಿನಲ್ಲಿ ಮಾದಾಪುರ ರಸ್ತೆಯಲ್ಲಿ ಹೋಗುವಾಗ ಆ ಸೌಂಡ್ ಕೇಳುವುದೇ ಒಂದು ಸುಖ. ಎಂಟು ಎಚ್‌ಪಿ ಬಂತಾ ಅಂತ ಕೇಳಿದರೆ ಗೊತ್ತಿಲ್ಲ, ಪವರ್ ಅಳೆಯುವ ಡೈನೋ ಯಂತ್ರದ ಮೇಲೆ ಹಾಕಿಸಿಲ್ಲ. ಆದರೆ ಹಾಕಿದ ಮೇಲೆ ಓಡಿಸುವ ಮಜಾ ಜಾಸ್ತಿ ಆಗಿರುವುದು ನಿಜ. ಗಾಡಿ ಮೇಲೆ ಪ್ರೀತಿ ಇರುವವರು ಹಾಕಿಸಿಕೊಳ್ಳಿ, ತಪ್ಪೇನಿಲ್ಲ.

ಗೋಣಿಕೊಪ್ಪ ಸ್ಪಾನರ್:

ಸೌಂಡಿಗೆ ಹಾಕಿಸುವುದಾದರೆ ನನ್ನ ತಕರಾರಿಲ್ಲ, ಅದು ಅವರವರ ಇಷ್ಟ. ಆದರೆ ಕಾಟಕೇರಿಯವರು ಕೇಳಿದ್ದು ಘಾಟಿಯಲ್ಲಿ ಎಳೆಯುವ ವಿಷಯ. ಅದಕ್ಕೆ ಈ 18 ಸಾವಿರ ಉಪಯೋಗಕ್ಕೆ ಬರುವುದಿಲ್ಲ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಇದೇ ಪ್ರಶ್ನೆ ಹಿಡಿದುಕೊಂಡು ಗ್ಯಾರೇಜಿಗೆ ಬರುವ ಹುಡುಗರು ತುಂಬಾ ಇದ್ದಾರೆ.

ಎಂಜಿನ್‌ಗೆ ಗಾಳಿಯನ್ನು ಯಾರೂ ಎಳೆದು ಕೊಡುವುದಿಲ್ಲ. ಪಿಸ್ಟನ್ ಕೆಳಗೆ ಹೋದಾಗ ಹೊರಗಿನ ಗಾಳಿಯ ಒತ್ತಡವೇ ಗಾಳಿಯನ್ನು ಒಳಗೆ ತಳ್ಳುತ್ತದೆ. ಮಂಗಳೂರಿನಲ್ಲಿ ಆ ಒತ್ತಡವನ್ನು ನೀರಿನ ಎತ್ತರದಲ್ಲಿ ಹೇಳುವುದಾದರೆ 10.3 ಮೀಟರ್. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಅಲ್ಲಿ ಅದು ಹೆಚ್ಚುಕಡಿಮೆ 9 ಮೀಟರಿಗೆ ಇಳಿಯುತ್ತದೆ. ಅಂದರೆ ಘಾಟಿ ಹತ್ತಿ ಮುಗಿಯುವಷ್ಟರಲ್ಲಿ ನಿಮ್ಮ ಎಂಜಿನ್ 130 ಸೆಂಟಿಮೀಟರ್ ನೀರಿನಷ್ಟು ಒತ್ತಡ ಕಳೆದುಕೊಂಡಿರುತ್ತದೆ. ಶೇಕಡಾ 12ರಿಂದ 13. ಮೇಲೆ ತಂಪು ಇರುವುದರಿಂದ ಗಾಳಿ ಸ್ವಲ್ಪ ದಪ್ಪ, ಅದರಿಂದ ಶೇಕಡಾ ಎರಡರಷ್ಟು ವಾಪಸ್ ಸಿಗುತ್ತದೆ ಅಂತಿಟ್ಟುಕೊಳ್ಳಿ. ಉಳಿದ ಶೇಕಡಾ ಹತ್ತು ಹೋದ ಹಾಗೇ. ನಿಮ್ಮ ಎಂಜಿನ್ 83 ಎಚ್‌ಪಿಯದು. ಹತ್ತಿರ ಹತ್ತಿರ ಎಂಟು ಎಚ್‌ಪಿ ಹೋಯಿತು ಅಲ್ವಾ? ನಿಮಗೆ ಜೋಡುಪಾಲ ಆದ ಮೇಲೆ ಸೋತ ಹಾಗೆ ಅನ್ನಿಸುವುದು ಇದರಿಂದ. ಏರು, ತೂಕ ಎರಡೂ ಸೇರಿಕೊಂಡು ಇನ್ನೂ ಜಾಸ್ತಿ ಕಾಣುತ್ತದೆ.

ಈಗ ಫಿಲ್ಟರ್ ಎಷ್ಟು ತಡೆಯುತ್ತದೆ ನೋಡೋಣ. ಚೆನ್ನಾಗಿರುವ ಕಂಪನಿ ಪೇಪರ್ ಫಿಲ್ಟರ್, ಅದರ ಡಬ್ಬ, ಮುಂದಿನ ಮೂತಿ ಎಲ್ಲ ಸೇರಿ ಇಂಥ ಸಣ್ಣ ಎಂಜಿನ್‌ನಲ್ಲಿ, ಪೂರ್ತಿ ಆಕ್ಸಿಲರೇಟರ್ ಒತ್ತಿ ಆರ್‌ಪಿಎಂ ತುದಿಗೆ ಹೋದಾಗ, ಹತ್ತರಿಂದ ಇಪ್ಪತ್ತು ಸೆಂಟಿಮೀಟರ್ ನೀರಿನಷ್ಟು ತಡೆಯಬಹುದು. ಅಂದರೆ ಶೇಕಡಾ ಒಂದರಿಂದ ಎರಡು. ಫಿಲ್ಟರನ್ನೇ ಕಿತ್ತು ಬಿಸಾಕಿದರೂ ನಿಮಗೆ ಸಿಗುವುದು ಒಂದೂವರೆ ಎಚ್‌ಪಿ. ಕೋನ್ ಫಿಲ್ಟರ್ ಕೂಡ ತಡೆಯುತ್ತದೆ, ಅದೇನು ಬರೀ ತೂತಲ್ಲ. ಹಾಗಾದರೆ ಎಂಟು ಎಚ್‌ಪಿ ಎಲ್ಲಿಂದ ಬರಬೇಕು?

ಇನ್ನೊಂದು ಮಾತು. ಆರ್‌ಪಿಎಂ ಇಳಿದರೆ ಗಾಳಿಯ ಓಟ ಕಮ್ಮಿ, ಫಿಲ್ಟರಿನ ತಡೆ ಅದಕ್ಕಿಂತ ಬೇಗ ಕಮ್ಮಿ ಆಗುತ್ತದೆ. ನೀವು ಮೂರನೇ ಗೇರಿನಲ್ಲಿ ಎರಡೂವರೆ ಸಾವಿರ ಆರ್‌ಪಿಎಂನಲ್ಲಿ ಒದ್ದಾಡುತ್ತಿರುವಾಗ ಫಿಲ್ಟರ್ ತಡೆ ಲೆಕ್ಕಕ್ಕೇ ಇಲ್ಲ. ಕಿಟ್‌ನಿಂದ ಏನಾದರೂ ಸಿಗುವುದಿದ್ದರೆ ಐದು ಸಾವಿರದ ಮೇಲೆ. ಆ ಕಡೆ ನೀವು ಘಾಟಿಯಲ್ಲಿ ಹೋಗುವುದೇ ಇಲ್ಲ.

ಸುಂಟಿಕೊಪ್ಪ ಹ್ಯಾಚ್:

ಅಣ್ಣ, ಲೆಕ್ಕ ಒಪ್ಪಿದೆ. ಆದರೆ ಹಾಕಿದ ದಿನವೇ ವ್ಯತ್ಯಾಸ ಗೊತ್ತಾಗಿತ್ತು. ಅದು ಪೂರ್ತಿ ಭ್ರಮೆ ಅಂತ ನನಗೆ ಅನ್ನಿಸುವುದಿಲ್ಲ.

ಗೋಣಿಕೊಪ್ಪ ಸ್ಪಾನರ್:

ಭ್ರಮೆ ಅಂತ ನಾನು ಹೇಳುವುದಿಲ್ಲ. ಕಂಪನಿಯವರು ಮೂತಿ ಪೈಪಿನ ಪಕ್ಕದಲ್ಲಿ ಒಂದು ಖಾಲಿ ಡಬ್ಬ ಇಟ್ಟಿರುತ್ತಾರೆ, ರೆಸೊನೇಟರ್ ಅಂತ. ಗಾಳಿ ಎಳೆಯುವ ಸದ್ದನ್ನು ಅದು ನುಂಗುತ್ತದೆ. ಕಿಟ್ ಹಾಕಿದಾಗ ಅದು ಹೋಗುತ್ತದೆ, ಸದ್ದು ನೇರ ಕಿವಿಗೆ ಬರುತ್ತದೆ. ಸದ್ದು ಬೇಗ ಏರಿದರೆ ಗಾಡಿಯೂ ಬೇಗ ಏರಿತು ಅಂತ ಎಲ್ಲರಿಗೂ ಅನ್ನಿಸುತ್ತದೆ, ನನಗೂ ಅನ್ನಿಸುತ್ತದೆ. ಅದಕ್ಕೇ ಅಳೆದು ನೋಡಬೇಕು ಅಂತ ನಾನು ಹೇಳುವುದು.

ಇನ್ನು ಘಾಟಿಯಲ್ಲಿ ಓಪನ್ ಕೋನ್‌ನಿಂದ ನಷ್ಟವೇ ಆಗಬಹುದು. ಕಂಪನಿ ಡಬ್ಬದ ಮೂತಿ ರೇಡಿಯೇಟರಿನ ಮುಂದೆ, ಹೊರಗಿನ ಗಾಳಿಗೆ ಇರುತ್ತದೆ. ಓಪನ್ ಕೋನ್ ಕೂರುವುದು ಬಾನೆಟ್ ಒಳಗೆ, ಎಂಜಿನ್ ಪಕ್ಕದಲ್ಲಿ. ಲಾರಿ ಹಿಂದೆ ಎರಡನೇ ಗೇರಿನಲ್ಲಿ ಹೋಗುವಾಗ ಒಳಗೆ ಗಾಳಿ ಓಡಾಡುವುದಿಲ್ಲ, ರೇಡಿಯೇಟರ್ ಫ್ಯಾನ್ ಬಿಸಿಗಾಳಿಯನ್ನು ನೇರ ಅಲ್ಲಿಗೇ ಊದುತ್ತದೆ. ಹೊರಗೆ 25 ಡಿಗ್ರಿ ಇದ್ದು ಬಾನೆಟ್ ಒಳಗೆ 60 ಇದೆ ಅಂತಿಟ್ಟುಕೊಳ್ಳಿ. ಮೂರು ಡಿಗ್ರಿ ಏರಿದರೆ ಗಾಳಿ ಸುಮಾರು ಶೇಕಡಾ ಒಂದರಷ್ಟು ತೆಳ್ಳಗಾಗುತ್ತದೆ. 35 ಡಿಗ್ರಿಗೆ ಶೇಕಡಾ ಹತ್ತು ಹೋಯಿತು. ಒಂದು ಪರ್ಸೆಂಟ್ ಗಳಿಸಲು ಹೋಗಿ ಹತ್ತು ಕಳೆದುಕೊಂಡ ಹಾಗಾಯಿತು. ಒಳಗೆ ಹೀಟ್ ಶೀಲ್ಡ್ ಅಂತ ಒಂದು ತಗಡು ಕೊಡುತ್ತಾರೆ, ಮೇಲೆ ಕೆಳಗೆ ಪೂರ್ತಿ ಮುಚ್ಚದಿದ್ದರೆ ಅದು ಇದ್ದೂ ಇಲ್ಲದ ಹಾಗೆ.

ಕಾಟಕೇರಿ ಸ್ವಿಫ್ಟ್:

ಅಳೆದು ನೋಡಿ ಅಂದಿರಿ. ಮನೆಯಲ್ಲೇ ಅಳೆಯಲು ಆಗುತ್ತದಾ? ಡೈನೋ ಹತ್ತಿರದಲ್ಲಿ ಎಲ್ಲೂ ಇಲ್ಲ.

ಗೋಣಿಕೊಪ್ಪ ಸ್ಪಾನರ್:

ಆಗುತ್ತದೆ. ಗಾರೆ ಮೇಸ್ತ್ರಿಗಳು ಮಟ್ಟ ನೋಡುವ ಪಾರದರ್ಶಕ ಲೆವೆಲ್ ಪೈಪ್ ಇರುತ್ತದಲ್ಲ, ಅದು ನಾಲ್ಕೈದು ಮೀಟರ್ ತೆಗೆದುಕೊಳ್ಳಿ. ಒಂದು ರೀಪಿಗೆ ಯು ಆಕಾರದಲ್ಲಿ ಕಟ್ಟಿ, ಎರಡೂ ಕಡೆ ಎತ್ತರ ಮುಕ್ಕಾಲು ಮೀಟರ್ ಇರಲಿ. ಅರ್ಧದವರೆಗೆ ನೀರು ತುಂಬಿ, ಕಾಣಲು ಸ್ವಲ್ಪ ಇಂಕ್ ಹಾಕಿ. ಒಂದು ತುದಿ ಬಿಟ್ಟುಬಿಡಿ. ಇನ್ನೊಂದು ತುದಿ ಫಿಲ್ಟರ್ ಆದ ಮೇಲೆ, ಥ್ರಾಟಲ್‌ಗೆ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಗಾಳಿಯ ಬಾಗಿಲು) ಮೊದಲು ಇರುವ ದಪ್ಪ ಪೈಪಿಗೆ ಹೋಗಬೇಕು. ಅಲ್ಲಿಗೆ ಎಂಜಿನ್ ಉಸಿರಾಡುವ ಸಣ್ಣ ಪೈಪ್, ಬ್ರೀದರ್ ಪೈಪ್ ಅಂತ, ಬಂದು ಸೇರುತ್ತದೆ. ಆ ಬ್ರೀದರ್ ಪೈಪಿಗೆ ಒಂದು ಟಿ ಜಾಯಿಂಟ್ ಹಾಕಿದರೆ ತೂತು ಕೊರೆಯುವ ಕೆಲಸವೇ ಇಲ್ಲ.

ಕಾರಿನೊಳಗೆ ಪಕ್ಕದ ಸೀಟಿನಲ್ಲಿ ಕೂತವರು ರೀಪು ಹಿಡಿದು ನೋಡಬೇಕು, ಓಡಿಸುವವರು ರಸ್ತೆ ಮಾತ್ರ ನೋಡಬೇಕು. ಗ್ಲಾಸ್ ಸ್ವಲ್ಪ ಇಳಿಸಿರಿ. ಎಂಜಿನ್ ಎಳೆದಾಗ ಒಂದು ಕಡೆ ನೀರು ಏರುತ್ತದೆ, ಇನ್ನೊಂದು ಕಡೆ ಇಳಿಯುತ್ತದೆ. ಎರಡರ ನಡುವಿನ ವ್ಯತ್ಯಾಸವೇ ತಡೆ. ಹತ್ತು ಸೆಂಟಿಮೀಟರಿಗೆ ಒಂದು ಪರ್ಸೆಂಟ್ ಅಂತ ಹಿಡಿದರೆ ಸಾಕು. ಮೂತಿಯಿಂದ ಫಿಲ್ಟರ್‌ವರೆಗಿನ ಎಲ್ಲ ತಡೆಯೂ ಅದರಲ್ಲೇ ಸೇರಿರುತ್ತದೆ. ಪೈಪ್ ಗಿಡ್ಡ ಮಾಡಬೇಡಿ, ನೀರು ಎಂಜಿನ್ ಕಡೆಗೆ ಹೋಗಬಾರದು.

ಸೋಮವಾರಪೇಟೆ ಆರ್‌ಎಕ್ಸ್:

ಬೈಕಿನವರ ಕಡೆಯಿಂದ ಒಂದು ಪ್ರಶ್ನೆ. ನನ್ನ ಹತ್ತಿರ ಯಮಹಾ ಆರ್‌ಎಕ್ಸ್ 100 ಇದೆ. ಡಬ್ಬ ತೆಗೆದು ಸಣ್ಣ ಕೋನ್ ಹಾಕಿದ ಮೇಲೆ ಸೋಮವಾರಪೇಟೆಯಲ್ಲಿ ಗಾಡಿ ನಿಜವಾಗಿಯೂ ಚೆನ್ನಾಗಿ ಓಡುತ್ತಿದೆ. ಇದು ಸೌಂಡಿನ ಮಾತಲ್ಲ. ಮೊದಲು ಶಾಂತಳ್ಳಿ ಏರಿನಲ್ಲಿ ಮೂರಕ್ಕೆ ಇಳಿಸಬೇಕಿತ್ತು, ಈಗ ನಾಲ್ಕರಲ್ಲೇ ಹೋಗುತ್ತದೆ. ಹಾಗಾದರೆ ಲೆಕ್ಕ ಎಲ್ಲಿ ತಪ್ಪಿತು?

ಗೋಣಿಕೊಪ್ಪ ಸ್ಪಾನರ್:

ಲೆಕ್ಕ ತಪ್ಪಿಲ್ಲ, ನಿಮ್ಮ ಗಾಡಿಯಲ್ಲಿ ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬ್ಯುರೇಟರ್ ಇದೆ, ಅದೇ ವ್ಯತ್ಯಾಸ. ಕಾರ್ಬ್ಯುರೇಟರ್‌ಗೆ ಎತ್ತರ ಗೊತ್ತಾಗುವುದಿಲ್ಲ. ಬಯಲಿಗೆ ಹೊಂದಿಸಿದ ಜೆಟ್ (ಪೆಟ್ರೋಲ್ ಬಿಡುವ ಸಣ್ಣ ತೂತಿನ ತುಂಡು) ಇಟ್ಟುಕೊಂಡು ಬೆಟ್ಟಕ್ಕೆ ಬಂದರೆ ಗಾಳಿ ತೆಳು, ಪೆಟ್ರೋಲ್ ಮಾತ್ರ ಹೆಚ್ಚುಕಡಿಮೆ ಅಷ್ಟೇ. ಮಿಕ್ಸ್ಚರ್ ರಿಚ್ ಆಗುತ್ತದೆ, ಅಂದರೆ ಗಾಳಿಗಿಂತ ಪೆಟ್ರೋಲ್ ಪಾಲು ಜಾಸ್ತಿ ಆಗುತ್ತದೆ, ಪ್ಲಗ್ ಕಪ್ಪಾಗುತ್ತದೆ, ಗಾಡಿ ಮಂದ ಆಗುತ್ತದೆ. ನೀವು ಡಬ್ಬ ತೆಗೆದಾಗ ಮಿಕ್ಸ್ಚರ್ ತೆಳ್ಳಗಾಯಿತು, ನಿಮ್ಮ ಊರಿನ ಎತ್ತರಕ್ಕೆ ಸರಿಹೋಯಿತು. ಕೋನ್‌ನಿಂದ ಬಂದ ಲಾಭ ಅನ್ನುವುದಕ್ಕಿಂತ ಟ್ಯೂನಿಂಗ್ ಸರಿಯಾದ ಲಾಭ ಅದು. ಜೆಟ್ ಒಂದು ಸೈಜ್ ಇಳಿಸಿ ನೀಡಲ್ ಸರಿ ಮಾಡಿದ್ದರೆ ಡಬ್ಬ ಇಟ್ಟುಕೊಂಡೇ ಇದು ಸಿಗುತ್ತಿತ್ತು.

ಈಗ ಎಚ್ಚರಿಕೆ ಕೊಡಲೇಬೇಕು. ಇದೇ ಗಾಡಿಯನ್ನು ಬಿಸಿಲೆ ಘಾಟಿ ಇಳಿಸಿ ಸುಬ್ರಹ್ಮಣ್ಯದ ಕಡೆ ಹೋಗಿ ಪೂರ್ತಿ ಆಕ್ಸಿಲರೇಟರ್ ಒತ್ತಬೇಡಿ. ಕೆಳಗೆ ಗಾಳಿ ದಪ್ಪ, ಮಿಕ್ಸ್ಚರ್ ಇನ್ನೂ ತೆಳ್ಳಗಾಗುತ್ತದೆ. ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಮಿಕ್ಸ್ಚರ್ ತೆಳ್ಳಗಾದರೆ ಪಿಸ್ಟನ್ ಕಾದು ಸೀಜ್ ಆಗುತ್ತದೆ. ಇಳಿಯುವ ಮೊದಲು ಪ್ಲಗ್ ತೆಗೆದು ನೋಡಿ. ತುದಿ ಕಾಫಿಪುಡಿ ಬಣ್ಣ ಇದ್ದರೆ ಸರಿ, ಬೆಳ್ಳಗೆ ಇದ್ದರೆ ದೊಡ್ಡ ಜೆಟ್ ಹಾಕಿ ಆಮೇಲೆ ಇಳಿಯಿರಿ.

ಸೋಮವಾರಪೇಟೆ ಆರ್‌ಎಕ್ಸ್:

ಈಗಲೇ ತೆಗೆದು ನೋಡಿದೆ ಅಣ್ಣ. ಬೂದು ಬಣ್ಣ, ಅಂಚಿನಲ್ಲಿ ಬೆಳ್ಳಗಿದೆ. ಜೆಟ್ ತರಿಸುತ್ತೇನೆ. ಸಂಕ್ರಾಂತಿಗೆ ಸುಬ್ರಹ್ಮಣ್ಯಕ್ಕೆ ಹೋಗುವುದಿತ್ತು, ಒಳ್ಳೇದಾಯಿತು ಕೇಳಿದ್ದು.

ವಿರಾಜಪೇಟೆ ಥಾರ್:

ಎಲ್ಲರೂ ಪೆಟ್ರೋಲ್ ಬಗ್ಗೆಯೇ ಮಾತಾಡುತ್ತಿದ್ದೀರಿ. ನನ್ನದು ಥಾರ್ 2.2 ಡೀಸೆಲ್, ಟರ್ಬೊ ಇದೆ. ಮಾಕುಟ್ಟ ರಸ್ತೆ ನನಗೆ ದಿನದ ಓಡಾಟ. ಎತ್ತರ ಹತ್ತಿದರೆ ಪವರ್ ಹೋಗುವ ಕಥೆ ನನಗೆ ಅಷ್ಟು ಅನುಭವಕ್ಕೆ ಬಂದಿಲ್ಲ. ಟರ್ಬೊ ಗಾಡಿಗೆ ಇನ್‌ಟೇಕ್ ಹಾಕಿದರೆ ಲಾಭ ಇದೆ ಅಂತ ಎಲ್ಲ ಕಡೆ ಹೇಳುತ್ತಾರೆ, ಇದು ನಿಜವಾ?

ಗೋಣಿಕೊಪ್ಪ ಸ್ಪಾನರ್:

ಅನುಭವಕ್ಕೆ ಬರದಿರುವುದು ಸರಿಯೇ. ಟರ್ಬೊ ಗಾಳಿಯನ್ನು ಒತ್ತಿ ತುಂಬುತ್ತದೆ. ಎಷ್ಟು ತುಂಬಬೇಕು ಅಂತ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ನಿಗದಿ ಮಾಡಿರುತ್ತದೆ. ಹೊರಗೆ ಗಾಳಿ ತೆಳ್ಳಗಾದರೆ ಟರ್ಬೊ ಸ್ವಲ್ಪ ಜಾಸ್ತಿ ತಿರುಗಿ ಅದನ್ನು ಸರಿದೂಗಿಸುತ್ತದೆ. ನಮ್ಮ ಜಿಲ್ಲೆಯ ಎತ್ತರ ಅದಕ್ಕೆ ದೊಡ್ಡದಲ್ಲ. ಇದೇ ಕಾರಣಕ್ಕೆ ಬರೀ ಇನ್‌ಟೇಕ್ ಹಾಕಿದರೆ ಟರ್ಬೊ ಡೀಸೆಲ್‌ನಲ್ಲಿ ಏನೂ ಸಿಗುವುದಿಲ್ಲ. ಫಿಲ್ಟರ್ ತಡೆ ಕಮ್ಮಿ ಆದರೂ ಇಸಿಯು ಹೇಳಿದಷ್ಟೇ ಒತ್ತಡ, ಹೇಳಿದಷ್ಟೇ ಡೀಸೆಲ್.

ರೀಮ್ಯಾಪ್ ಮಾಡಿಸಿದರೆ, ಅಂದರೆ ಇಸಿಯು ಒಳಗಿನ ಆ ಲೆಕ್ಕವನ್ನೇ ಬದಲಾಯಿಸಿದರೆ, ಆಗ ಮಾತು ಬೇರೆ. ಡೀಸೆಲ್ ಜಾಸ್ತಿ, ಒತ್ತಡ ಜಾಸ್ತಿ, ಗಾಳಿಯ ಓಟವೂ ಜಾಸ್ತಿ. ಆಗ ಫಿಲ್ಟರ್ ತಡೆಯೂ ಏರುತ್ತದೆ, ಒಳ್ಳೆ ಇನ್‌ಟೇಕ್‌ಗೆ ಅರ್ಥ ಬರುತ್ತದೆ. ಆದರೆ ಆ ದಾರಿಯಲ್ಲಿ ಕ್ಲಚ್, ಗೇರ್‌ಬಾಕ್ಸ್, ಹೊಗೆ ಎಲ್ಲದರ ಲೆಕ್ಕವೂ ಜೊತೆಗೆ ಬರುತ್ತದೆ. 1 ಏಪ್ರಿಲ್ 2020ರ ನಂತರದ ಬಿಎಸ್6 ಡೀಸೆಲ್‌ಗಳಲ್ಲಿ ಹೊಗೆಯ ಕರಿ ಹಿಡಿಯುವ ಡಿಪಿಎಫ್ ಇರುತ್ತದೆ. ಮ್ಯಾಪ್ ಸರಿ ಇಲ್ಲದೆ ಕರಿ ಜಾಸ್ತಿ ಆದರೆ ಅದು ಕಟ್ಟಿಕೊಳ್ಳುತ್ತದೆ. ಮಾಕುಟ್ಟದಂಥ ನಿಧಾನದ ರಸ್ತೆಯಲ್ಲಿ ಅದು ತಾನಾಗಿ ಸುಟ್ಟು ಸ್ವಚ್ಛ ಆಗುವುದೂ ಕಷ್ಟ. ವಾರಂಟಿ ಇದ್ದರೆ ಮುಟ್ಟಬೇಡಿ ಅನ್ನುವುದೇ ನನ್ನ ಮಾತು.

ಪಾಲಿಬೆಟ್ಟ ತೋಟ:

ನಾನು ತೋಟ ನೋಡಿಕೊಳ್ಳುವವಳು, ಗಾಡಿ ಚೆಂದ ಮಾಡುವ ವಿಷಯ ನನಗೆ ಅಷ್ಟು ಬೇಡ. ಆದರೆ ಫಿಲ್ಟರ್ ವಿಷಯದಲ್ಲಿ ಹೇಳಬೇಕಾದದ್ದು ತುಂಬಾ ಇದೆ. ನೀವೆಲ್ಲ ಗಾಳಿ ಎಷ್ಟು ಬರುತ್ತದೆ ಅಂತ ಮಾತ್ರ ನೋಡುತ್ತಿದ್ದೀರಿ. ಧೂಳು ಎಷ್ಟು ಒಳಗೆ ಹೋಗುತ್ತದೆ ಅಂತ ಯಾಕೆ ಯಾರೂ ಕೇಳುತ್ತಿಲ್ಲ?

ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ತೋಟದ ರಸ್ತೆಯಲ್ಲಿ ಕೆಂಪು ಧೂಳು ಮೊಣಕಾಲೆತ್ತರ ಏಳುತ್ತದೆ. ಟ್ರ್ಯಾಕ್ಟರ್ ಹಿಂದೆ ಜೀಪ್ ಹೋದರೆ ಏನೂ ಕಾಣುವುದಿಲ್ಲ. ಆ ಧೂಳಿನಲ್ಲಿ ಮರಳಿನ ಸಣ್ಣ ಕಣ ಇರುತ್ತದೆ, ಅದು ಸಿಲಿಂಡರ್ ಒಳಗೆ ಹೋದರೆ ರಿಂಗ್ ತಿನ್ನುತ್ತದೆ. ನಮ್ಮ ಹಳೇ ಮಹೀಂದ್ರಾ ಜೀಪಿನಲ್ಲಿ ಎಣ್ಣೆ ಬಟ್ಟಲಿನ ಏರ್ ಕ್ಲೀನರ್ ಇತ್ತು. ಡ್ರೈವರಣ್ಣ ಕೊಯ್ಲಿನ ಸಮಯದಲ್ಲಿ ಅದನ್ನು ಬಿಚ್ಚಿ ತಳದ ಕೆಸರು ತೆಗೆದು ಹೊಸ ಎಣ್ಣೆ ಹಾಕುತ್ತಿದ್ದರು. ಅಷ್ಟು ಕೆಸರು ಎಂಜಿನ್‌ಗೆ ಹೋಗಿದ್ದರೆ ಏನಾಗುತ್ತಿತ್ತು ಅಂತ ಅದನ್ನು ನೋಡಿದವರಿಗೆ ಗೊತ್ತು.

ಎಣ್ಣೆ ಹಚ್ಚಿದ ಬಟ್ಟೆ ಫಿಲ್ಟರ್‌ಗಳು ಗಾಳಿ ಸಲೀಸಾಗಿ ಬಿಡುವುದು ತೂತು ದೊಡ್ಡದಿರುವುದರಿಂದಲೂ ಹೌದು. ಒಳ್ಳೆ ಪೇಪರ್ ಫಿಲ್ಟರ್ ಸಣ್ಣ ಧೂಳು ಹಿಡಿಯುವುದರಲ್ಲಿ ಅದಕ್ಕಿಂತ ಮುಂದೆ. ಫಿಲ್ಟರ್ ಪರೀಕ್ಷೆಗೆ ಐಎಸ್‌ಒ 5011 ಅಂತ ಒಂದು ಮಾನದಂಡ ಇದೆ. ಕೊಳ್ಳುವಾಗ ಅದರ ಪ್ರಕಾರ ಎಷ್ಟು ಪರ್ಸೆಂಟ್ ಧೂಳು ಹಿಡಿಯುತ್ತದೆ ಅಂತ ಅಂಗಡಿಯವರನ್ನು ಕೇಳಿ. ಎಚ್‌ಪಿ ಬಗ್ಗೆ ಮಾತಾಡುವವರು ಈ ಪ್ರಶ್ನೆಗೆ ಉತ್ತರ ಕೊಡಲಿ.

ಮತ್ತೆ ತೋಟದ ಮನೆಯವರು ಒಂದು ಕೆಲಸ ಮಾಡಿ. ಈ ವಾರವೇ ಫಿಲ್ಟರ್ ಡಬ್ಬದ ಕ್ಲಿಪ್ ಬಿಚ್ಚಿ ಒಳಗೆ ನೋಡಿ. ನಮ್ಮ ಜಿಪ್ಸಿಯಲ್ಲಿ ಇಲಿ ಗೂಡು ಕಟ್ಟಿತ್ತು. ಬಾನೆಟ್ ಕೆಳಗಿನ ಹತ್ತಿ ಕಿತ್ತು ತಂದು, ಕಾಫಿ ಸಿಪ್ಪೆ, ಒಣ ಎಲೆ ಎಲ್ಲ ಸೇರಿಸಿ ಡಬ್ಬದ ಅರ್ಧ ತುಂಬಿಸಿತ್ತು. ಪೇಪರಿನ ಒಂದು ಮೂಲೆ ಕಡಿದು ಹಾಕಿತ್ತು. ಗಾಡಿ ಏರಿನಲ್ಲಿ ಎಳೆಯುತ್ತಿಲ್ಲ ಅಂತ ಪ್ಲಗ್, ಪೆಟ್ರೋಲ್ ಪಂಪ್ ಅಂತ ಹುಡುಕುತ್ತಿದ್ದರು, ಡಬ್ಬ ಯಾರೂ ಬಿಚ್ಚಿರಲಿಲ್ಲ. ಮೂತಿಗೆ ಒಂದು ದೊಡ್ಡ ಕಣ್ಣಿನ ಜಾಲರಿ ಹಾಕಿಸಿದ ಮೇಲೆ ಇಲಿಯ ಕಾಟ ಇಲ್ಲ.

ಗೋಣಿಕೊಪ್ಪ ಸ್ಪಾನರ್:

ಅಕ್ಕ ಹೇಳಿದ್ದು ನೂರಕ್ಕೆ ನೂರು. ಅದಕ್ಕೆ ಒಂದು ಮಾತು ಸೇರಿಸುತ್ತೇನೆ. ಬಟ್ಟೆ ಫಿಲ್ಟರ್ ತೊಳೆದ ಮೇಲೆ ಎಣ್ಣೆ ಅತಿಯಾಗಿ ಹಾಕಿದರೆ ಅದು ಗಾಳಿ ಜೊತೆ ಹೋಗಿ ಒಳಗೆ ಬರುವ ಗಾಳಿ ಅಳೆಯುವ ಏರ್ ಫ್ಲೋ ಸೆನ್ಸರ್‌ನ ತಂತಿ ಮೇಲೆ ಕೂರುತ್ತದೆ. ಎಲ್ಲ ಗಾಡಿಯಲ್ಲಿ ಆ ಸೆನ್ಸರ್ ಇರುವುದಿಲ್ಲ, ಇರುವವರು ಜಾಗ್ರತೆ. ಕಮ್ಮಿ ಹಾಕಿದರೆ ಧೂಳು ಹಿಡಿಯುವುದಿಲ್ಲ. ನಮ್ಮ ಮಳೆಗಾಲದಲ್ಲಿ ತೊಳೆದದ್ದು ಒಣಗಿಸುವುದೇ ಒಂದು ಸಾಹಸ, ಜುಲೈನಲ್ಲಿ ಬಟ್ಟೆಯೇ ಒಣಗುವುದಿಲ್ಲ. ಒದ್ದೆ ಫಿಲ್ಟರಿಗೆ ಎಣ್ಣೆ ಕೂರುವುದಿಲ್ಲ.

ನಾಪೋಕ್ಲು:

ಮಳೆಗಾಲದ ಮಾತು ಬಂತು ಅಂತ ಬರೆಯುತ್ತಿದ್ದೇನೆ. ಕೋಲ್ಡ್ ಏರ್ ಇನ್‌ಟೇಕ್ ಅಂತ ಇನ್ನೊಂದು ಥರ ಮಾರುತ್ತಾರೆ. ಪೈಪ್ ಉದ್ದ ಮಾಡಿ ಫಿಲ್ಟರನ್ನು ಬಂಪರ್ ಒಳಗೆ, ಫಾಗ್ ಲ್ಯಾಂಪ್ ಹತ್ತಿರ ಕೆಳಗೆ ಕೂರಿಸುತ್ತಾರೆ. ಬಿಸಿಗಾಳಿ ಸಮಸ್ಯೆ ಇಲ್ಲ, ಅದು ನಿಜ. ಆದರೆ ಭಾಗಮಂಡಲ, ನಾಪೋಕ್ಲು, ಕರಡಿಗೋಡು ಕಡೆಯವರು ಇದನ್ನು ಖಂಡಿತ ಹಾಕಿಸಬೇಡಿ. ಕಾವೇರಿ ತುಂಬಿದಾಗ ರಸ್ತೆ ಮೇಲೆ ನೀರು ಬರುವುದು ನಮಗೆ ವರ್ಷ ವರ್ಷದ ವಿಷಯ. ಫಿಲ್ಟರ್ ಬಂಪರ್ ಮಟ್ಟದಲ್ಲಿದ್ದರೆ ಎಂಜಿನ್ ನೀರು ಎಳೆಯುತ್ತದೆ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲು ಆಗುವುದಿಲ್ಲ. ಪಿಸ್ಟನ್ ಮೇಲೆ ಬರುವಾಗ ನೀರಿಗೆ ಬಡಿದು ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ನಮ್ಮ ಸಂಬಂಧಿಕರ ಒಂದು ಕಾರಿಗೆ ಹೀಗೇ ಆಗಿ ಎಂಜಿನ್ ಪೂರ್ತಿ ಬಿಚ್ಚಬೇಕಾಯಿತು. ಸಾಮಾನ್ಯ ಪಾಲಿಸಿಯಲ್ಲಿ ಇಂಥ ಎಂಜಿನ್ ರಿಪೇರಿ ಬರುವುದಿಲ್ಲ, ಎಂಜಿನ್ ಪ್ರೊಟೆಕ್ಟ್ ಅಂತ ಬೇರೆಯಾಗಿ ತೆಗೆದುಕೊಳ್ಳಬೇಕು. ಅದು ಇದ್ದರೂ ಹೊರಗಿನ ಇನ್‌ಟೇಕ್ ಹಾಕಿದ್ದು ಕಂಡರೆ ಕ್ಲೇಮ್‌ಗೆ ತಕರಾರು ಬರುತ್ತದೆ.

ನೀರಿನಲ್ಲಿ ಗಾಡಿ ನಿಂತರೆ ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ. ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿಡಿ. ತಳ್ಳಿ ದಡಕ್ಕೆ ತಂದು, ಫಿಲ್ಟರ್ ಬಿಚ್ಚಿ ಒದ್ದೆ ಇದೆಯಾ ನೋಡಿ, ಆಮೇಲೆ ಮೆಕ್ಯಾನಿಕ್ ಕರೆಯಿರಿ.

ವಿರಾಜಪೇಟೆ ಥಾರ್:

ಸ್ನಾರ್ಕೆಲ್ (ಗಾಳಿ ಎಳೆಯುವ ಮೂತಿಯನ್ನು ಮೇಲಕ್ಕೆ ಒಯ್ಯುವ ಕಂಬದಂಥ ಪೈಪ್) ಹಾಕಿಸುವುದು ಇದಕ್ಕೇ ಅಲ್ವಾ? ನಾನು ಅದರ ಯೋಚನೆಯಲ್ಲಿದ್ದೇನೆ.

ಗೋಣಿಕೊಪ್ಪ ಸ್ಪಾನರ್:

ಇನ್‌ಟೇಕ್‌ಗೆ ದುಡ್ಡು ಹಾಕುವುದರಲ್ಲಿ ನಮ್ಮ ಜಿಲ್ಲೆಗೆ ಅರ್ಥ ಇರುವುದು ಅದೊಂದೇ ಅಂತ ನನ್ನ ಅಭಿಪ್ರಾಯ. ಅದೂ ಪವರ್‌ಗಲ್ಲ. ಮೂತಿ ಮೇಲೆ ಹೋಗುವುದರಿಂದ ಧೂಳು ಸ್ವಲ್ಪ ಕಮ್ಮಿ ಸಿಗುತ್ತದೆ, ನೀರಿನಿಂದ ದೂರ ಇರುತ್ತದೆ. ಆದರೆ ಕಂಬ ನಿಲ್ಲಿಸಿದರೆ ಸಾಲದು. ಮೂತಿಯಿಂದ ಡಬ್ಬದವರೆಗೆ ಪ್ರತಿ ಜಾಯಿಂಟ್ ಸೀಲ್ ಆಗಿರಬೇಕು. ಡಬ್ಬದ ತಳದಲ್ಲಿ ನೀರಿಳಿಯಲು ಕಂಪನಿ ಇಟ್ಟ ತೂತಿಗೆ ಒಂದೇ ದಿಕ್ಕಿನ ರಬ್ಬರ್ ವಾಲ್ವ್ ಇರಬೇಕು. ಇಲ್ಲದಿದ್ದರೆ ಮೇಲೆ ಗಾಳಿ, ಕೆಳಗೆ ನೀರು ಎರಡನ್ನೂ ಎಳೆಯುತ್ತದೆ. ಹೊಸ ಥಾರ್‌ಗೆ ಕಂಪನಿಯೇ 650 ಮಿಲಿಮೀಟರ್ ನೀರಿನವರೆಗೆ ಹೇಳಿದೆ. ಸ್ನಾರ್ಕೆಲ್ ಹಾಕಿದ ತಕ್ಷಣ ಅದು ಒಂದು ಮೀಟರ್ ಆಗುವುದಿಲ್ಲ, ಡಿಫರೆನ್ಷಿಯಲ್ ಬ್ರೀದರ್, ವೈರಿಂಗ್ ಎಲ್ಲ ಹಳೇ ಎತ್ತರದಲ್ಲೇ ಇರುತ್ತವೆ.

ಕುಶಾಲನಗರ ಕಾನೂನು:

ಕಾಯಿದೆಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಮೋಟಾರು ವಾಹನ ಕಾಯಿದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಬೇರೆಯಾಗುವಂತೆ ಗಾಡಿ ಬದಲಾಯಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೇರಿತು, ಮಾಲೀಕರು ಅನುಮತಿ ಇಲ್ಲದ ಬದಲಾವಣೆ ಮಾಡಿದರೆ ಒಂದೊಂದಕ್ಕೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲ ಎರಡೂ. ಕಂಪನಿ ಡಬ್ಬದೊಳಗೆ ಅದೇ ಅಳತೆಯ ಫಿಲ್ಟರ್ ಬದಲಾಯಿಸುವುದು ಬೇರೆ, ಡಬ್ಬವನ್ನೇ ಕಿತ್ತು ಪೈಪ್ ಹಾಕುವುದು ಬೇರೆ. ಎರಡನೆಯದನ್ನು ಮಾಡಿಸುವವರು ಇದನ್ನು ತಿಳಿದುಕೊಂಡೇ ಮಾಡಿಸಿ.

ಕಾಟಕೇರಿ ಸ್ವಿಫ್ಟ್:

ಭಾನುವಾರ ಅಳೆದೆವು. ಲೆವೆಲ್ ಪೈಪ್, ನೀಲಿ ಇಂಕ್, ಹಳೇ ಅಳತೆಪಟ್ಟಿ ಎಲ್ಲ ರೀಪಿಗೆ ಕಟ್ಟಿ ತಂಗಿ ಪಕ್ಕದಲ್ಲಿ ಹಿಡಿದು ಕೂತಳು. ಕೊಯನಾಡಿನಿಂದ ಮೇಲೆ ರಸ್ತೆ ಖಾಲಿ ಇತ್ತು. ಮೂರನೇ ಗೇರ್, ಎರಡೂವರೆ ಸಾವಿರ ಆರ್‌ಪಿಎಂ, ಪೂರ್ತಿ ಆಕ್ಸಿಲರೇಟರ್: ವ್ಯತ್ಯಾಸ ಮೂರು ಬೆರಳಿನಷ್ಟು. ಎರಡನೇ ಗೇರ್ ಐದೂವರೆ ಸಾವಿರದ ಹತ್ತಿರ: 24 ಸೆಂಟಿಮೀಟರ್. ನೀರು ಏರುವುದು ಕಣ್ಣಿಗೇ ಕಾಣುತ್ತದೆ, ಕಾಲು ತೆಗೆದ ತಕ್ಷಣ ದಬಕ್ ಅಂತ ಇಳಿಯುತ್ತದೆ.

ಮನೆಗೆ ಬಂದು ಡಬ್ಬ ಬಿಚ್ಚಿದರೆ ಫಿಲ್ಟರಿನ ಮಡಿಕೆಗಳ ಮಧ್ಯೆ ಮಣ್ಣು ಗಟ್ಟಿಯಾಗಿ ಕೂತಿದೆ, ಮೂತಿಯಲ್ಲಿ ಸಿಲ್ವರ್ ಮರದ ಎಲೆ. ಮರುದಿನ ಮಡಿಕೇರಿಯಲ್ಲಿ ಕಂಪನಿ ಪೇಪರ್ ಫಿಲ್ಟರ್ ತಂದು ಹಾಕಿ ಮತ್ತೆ ಅದೇ ಏರಿನಲ್ಲಿ ನೋಡಿದೆವು. ಎರಡನೇ ಗೇರಿನಲ್ಲಿ 24 ಇದ್ದದ್ದು 12ಕ್ಕೆ ಇಳಿಯಿತು. ಮೂರನೇ ಗೇರಿನಲ್ಲಿ ಒಂದು ಬೆರಳು. ಫಿಲ್ಟರಿಗೆ ಕೊಟ್ಟದ್ದು ನಾನೂರು ರೂಪಾಯಿಯೊಳಗೆ. ಈಗ ಉಳಿದಿರುವುದು ಒಂದು ಪರ್ಸೆಂಟ್ ಚಿಲ್ಲರೆ. ಅದಕ್ಕೆ 18 ಸಾವಿರ ಕೊಡುವುದಿಲ್ಲ.

ಸುಂಟಿಕೊಪ್ಪ ಹ್ಯಾಚ್:

ಇದು ಚೆನ್ನಾಗಿದೆ ಮಾರಾಯ. ಆ ರೀಪು ನನಗೂ ಕೊಡು, ನನ್ನ ಕೋನ್ ಮೇಲೆ ಹಾಕಿ ನೋಡುತ್ತೇನೆ. ಜೊತೆಗೆ ಒಂದು ಥರ್ಮಾಮೀಟರ್ ಕೂಡ ಫಿಲ್ಟರ್ ಪಕ್ಕ ಇಡುತ್ತೇನೆ, ಲಾರಿ ಹಿಂದೆ ಹೋಗುವಾಗ ಎಷ್ಟು ಬಿಸಿ ಬರುತ್ತದೆ ಅಂತ ಗೊತ್ತಾಗಲಿ. ಮೈಲೇಜ್ ಬಗ್ಗೆ ಯಾರೂ ಹೇಳಲಿಲ್ಲ?

ಕುಶಾಲನಗರ ಕಾನೂನು:

ಅದನ್ನು ಅಮೆರಿಕದ ಓಕ್ ರಿಡ್ಜ್ ನ್ಯಾಷನಲ್ ಲ್ಯಾಬೊರೇಟರಿಯವರು 2009ರಲ್ಲಿ ಪರೀಕ್ಷೆ ಮಾಡಿದ್ದಾರೆ. ಫ್ಯೂಯಲ್ ಇಂಜೆಕ್ಷನ್ ಇರುವ ಪೆಟ್ರೋಲ್ ಕಾರುಗಳಲ್ಲಿ ಕಟ್ಟಿಕೊಂಡ ಫಿಲ್ಟರ್ ತೆಗೆದು ಹೊಸದು ಹಾಕಿದರೂ ಮೈಲೇಜಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಗಾಳಿ ಎಷ್ಟು ಬರುತ್ತದೋ ಅಷ್ಟಕ್ಕೇ ಇಸಿಯು ಪೆಟ್ರೋಲ್ ಬಿಡುತ್ತದೆ. ಗಾಡಿ ವೇಗ ಏರುವುದರಲ್ಲಿ ಮಾತ್ರ ಸುಧಾರಣೆ ಕಂಡಿತು. ಹಳೇ ಕಾರ್ಬ್ಯುರೇಟರ್ ಕಾರಿನಲ್ಲಿ ಸ್ವಲ್ಪ ಮೈಲೇಜೂ ಸಿಕ್ಕಿತು. ಕಟ್ಟಿಕೊಂಡ ಫಿಲ್ಟರಿಗೇ ಹೀಗೆ ಅಂದ ಮೇಲೆ, ಚೆನ್ನಾಗಿರುವ ಫಿಲ್ಟರ್ ತೆಗೆದು ಕಿಟ್ ಹಾಕಿದರೆ ಮೈಲೇಜ್ ಎಲ್ಲಿಂದ ಬರಬೇಕು ಹೇಳಿ.

ಕಾಟಕೇರಿ ಸ್ವಿಫ್ಟ್:

ಸ್ಪಾನರ್ ಅಣ್ಣ, ಆ 18 ಸಾವಿರ ಕೈಯಲ್ಲೇ ಇದೆ. ಏರಿನಲ್ಲಿ ಮನೆಯವರನ್ನು ಕೂರಿಸಿಕೊಂಡು ಹೋಗುವಾಗ ಉಪಯೋಗ ಆಗುವ ಹಾಗೆ ಎಲ್ಲಿ ಹಾಕಲಿ? ಅಪ್ಪ ಕ್ಲಚ್ ನೋಡಿಸು ಅಂತ ಹೇಳುತ್ತಲೇ ಇದ್ದಾರೆ.

ಗೋಣಿಕೊಪ್ಪ ಸ್ಪಾನರ್:

ಅಪ್ಪ ಹೇಳಿದ್ದನ್ನು ಮೊದಲು ನೋಡಿ. ಸಮತಟ್ಟು ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ 50ರ ವೇಗದಲ್ಲಿ ಹೋಗುತ್ತಾ ಪೂರ್ತಿ ಆಕ್ಸಿಲರೇಟರ್ ಒತ್ತಿ. ಆರ್‌ಪಿಎಂ ಮುಳ್ಳು ಮೇಲೆ ಹಾರಿ ವೇಗ ಅಷ್ಟೇ ಇದ್ದರೆ ಕ್ಲಚ್ ಜಾರುತ್ತಿದೆ. ಪ್ಲೇಟ್, ಕವರ್, ಬೇರಿಂಗ್ ಮೂರೂ ಒಟ್ಟಿಗೆ ಹಾಕಿಸಿ, ಒಂದೊಂದಾಗಿ ಹಾಕಿದರೆ ಮತ್ತೆ ಗೇರ್‌ಬಾಕ್ಸ್ ಇಳಿಸಬೇಕು. ಪ್ಲಗ್ ಹಳೆಯದಾಗಿದ್ದರೆ ನಾಲ್ಕೂ ಬದಲಾಯಿಸಿ. ಬ್ರೇಕ್ ಎಣ್ಣೆ ಎರಡು ವರ್ಷ ದಾಟಿದ್ದರೆ ಹೊಸದು ಹಾಕಿಸಿ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಕುದಿಯುವ ಮಟ್ಟ ಇಳಿದ ಎಣ್ಣೆ ಇಟ್ಟುಕೊಂಡು ನಾಲ್ಕು ಜನ ಕೂತು ಸಂಪಾಜೆಗೆ ಇಳಿಯುವುದು ನನಗೆ ಸರಿ ಕಾಣುವುದಿಲ್ಲ. ಉಳಿದದ್ದು ಟೈರಿಗೆ.

ಓಡಿಸುವ ವಿಷಯದಲ್ಲಿ ಒಂದೇ ಮಾತು. ನಿಮ್ಮ ಎಂಜಿನ್‌ನ ಎಳೆತ ಜಾಸ್ತಿ ಇರುವುದು ನಾಲ್ಕು ಸಾವಿರ ಆರ್‌ಪಿಎಂ ಹತ್ತಿರ. ಎರಡನೇ ಗೇರಿನಲ್ಲಿ ಕಿರುಚುತ್ತದೆ ಅಂತ ಹೆದರಿ ಮೂರಕ್ಕೆ ಹಾಕಬೇಡಿ. ನಾಲ್ಕು ಸಾವಿರದಲ್ಲಿ ಅದಕ್ಕೆ ಏನೂ ಆಗುವುದಿಲ್ಲ, ಆಯಿಲ್ ಮತ್ತು ಕೂಲೆಂಟ್ ಮಟ್ಟ ಸರಿ ಇರಲಿ ಅಷ್ಟೇ. ಮೂರರಲ್ಲಿ ಕಮ್ಮಿ ಆರ್‌ಪಿಎಂನಲ್ಲಿ ಒತ್ತಿಹಿಡಿಯುವುದೇ ಎಂಜಿನ್‌ಗೆ ಜಾಸ್ತಿ ಕಷ್ಟ.

ಮತ್ತೆ ಬ್ರೀದರ್ ಪೈಪಿಗೆ ಹಾಕಿದ ಆ ಟಿ ಜಾಯಿಂಟ್ ತೆಗೆದಿರಾ? ಅದು ಸೇರುವುದು ಫಿಲ್ಟರ್ ಆದ ಮೇಲಿನ ಜಾಗಕ್ಕೆ. ಬಾಯಿ ತೆರೆದೇ ಇದ್ದರೆ ಧೂಳು ನೇರ ಎಂಜಿನ್ ಒಳಗೆ ಹೋಗುತ್ತದೆ. ಹಳೇ ಪೈಪ್ ಹಾಕಿ, ಎರಡೂ ಕಡೆ ಕ್ಲಿಪ್ ಬಿಗಿಯಾಗಿ ಕೂತಿದೆಯಾ ಕೈಯಲ್ಲಿ ಎಳೆದು ನೋಡಿ, ಆಮೇಲೆ ಗಾಡಿ ತೆಗೆಯಿರಿ.